ರೊಟ್ಟಿ ಬಡಿಯುವ ಕೈ ಮರೆತಿರಲಿಲ್ಲ: ತಲೆಪೆಟ್ಟಿನ ನಂತರ ಒಂದು ಖಾನಾವಳಿಯ ಪ್ರಕರಣ

ಧಾರವಾಡ ಜಿಲ್ಲೆಯ ಒಂದು ಊರಿನಲ್ಲಿ ಮನೆಯಲ್ಲೇ ಖಾನಾವಳಿ ನಡೆಸುತ್ತಿದ್ದ ಹೆಣ್ಣುಮಗಳ ಪ್ರಕರಣ ಇದು. ವಯಸ್ಸು ನಲವತ್ತರ ಆಸುಪಾಸು. ಗುರುತು ಸಿಗಬಾರದು ಅಂತ ಕೆಲವು ವಿವರ, ಒಂದೆರಡು ಸಂಬಂಧ ಬದಲಿಸಿದ್ದೇನೆ. ಓಣಿಯವರೆಲ್ಲ ಅವರನ್ನು ಅಕ್ಕಾ ಅಂತಲೇ ಕರೆಯುತ್ತಾರೆ. ಇಲ್ಲೂ ಹಾಗೇ ಇರಲಿ. ಬರೆಯುವುದಕ್ಕೆ ಅಕ್ಕ ಮತ್ತು ಅವರ ಮಗಳು ಇಬ್ಬರೂ ಒಪ್ಪಿದ್ದಾರೆ.

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಸ್ನಾನ, ಅಡುಗೆ, ಸಂತೆ, ದುಡ್ಡಿನ ಲೆಕ್ಕದಂಥ ದಿನದ ಕೆಲಸಗಳು ಕಾಯಿಲೆಯಿಂದಲೋ ಪೆಟ್ಟಿನಿಂದಲೋ ಕೈತಪ್ಪಿದಾಗ ಅವನ್ನು ಮತ್ತೆ ಹಿಡಿಯಲು ನೆರವಾಗುವುದು ನನ್ನ ಕೆಲಸ. ತಲೆಗೆ ಪೆಟ್ಟಾಗಿ, ಆಮೇಲೆ ಚೆನ್ನಾಗಿಯೇ ನಡೆದಾಡಿ ಮಾತಾಡುವವರ ಮನೆಗಳಲ್ಲಿ ಒಂದು ಮಾತು ಪದೇ ಪದೇ ಕೇಳುತ್ತೇನೆ: "ಎಲ್ಲಾ ಸರಿ ಇದೆ ಅಂತಾರೆ ಡಾಕ್ಟರು, ಆದರೆ ಏನೂ ಸರಿ ಇಲ್ಲ." ಆ ಎರಡು ಮಾತಿನ ನಡುವೆ ಏನಿರುತ್ತದೆ ಅನ್ನುವುದು ಈ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ.

ಹಿನ್ನೆಲೆ

ಅಕ್ಕನ ಗಂಡ ತೀರಿಕೊಂಡು ಕೆಲವು ವರ್ಷ ಆಗಿತ್ತು. ಒಬ್ಬಳೇ ಮಗಳು, ಡಿಗ್ರಿ ಓದುತ್ತಿದ್ದಳು. ಪಕ್ಕದ ಮನೆಯಲ್ಲಿ ಮೈದುನ, ನೆಗೆಣ್ಣಿ. ಖಾನಾವಳಿ ದೊಡ್ಡದೇನಲ್ಲ. ಬೆಳಿಗ್ಗೆ ಹನ್ನೊಂದೂವರೆಗೆ ಬ್ಯಾಂಕು, ಕಾಲೇಜಿಗೆ ಹೋಗುವ ಡಬ್ಬಿಗಳು. ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಉಣ್ಣುವವರು. ಜೋಳದ ರೊಟ್ಟಿ, ಒಂದು ಕಾಳುಪಲ್ಯ, ಒಂದು ತರಕಾರಿ, ಶೇಂಗಾ ಚಟ್ನಿ, ಮೊಸರು, ಅನ್ನ ಸಾರು. ಗಿರಣಿಗೆ ಎಷ್ಟು ಜೋಳ ಹಾಕಬೇಕು, ಯಾರ ಉದ್ರಿ ಎಷ್ಟಿದೆ, ಶ್ರಾವಣದಲ್ಲಿ ಯಾವ ಡಬ್ಬಿಗೆ ಉಳ್ಳಾಗಡ್ಡಿ ಬೇಡ, ಎಲ್ಲಾ ಅಕ್ಕನ ತಲೆಯಲ್ಲೇ. ಬರೆದಿಟ್ಟುಕೊಳ್ಳುವ ರೂಢಿ ಇರಲಿಲ್ಲ. ಓದಿದ್ದು ನಾಲ್ಕನೇ ಇಯತ್ತೆ.

ಅಣ್ಣನ ಮಗನ ಬೈಕಿನ ಹಿಂದೆ, ಸೀರೆ ಉಟ್ಟವರು ಕೂರುವ ಹಾಗೆ ಒಂದೇ ಕಡೆ ಕಾಲು ಹಾಕಿ ಕೂತು ಮದುವೆಗೆ ಹೊರಟಿದ್ದರು. ಮುಸ್ಸಂಜೆ. ಊರ ಬಾಗಿಲಲ್ಲಿ ಬಣ್ಣ ಬಳಿಯದ ಒಂದು ಹಂಪ್. ಬೈಕ್ ಹಾರಿತು, ಅಕ್ಕ ಹಿಂದಕ್ಕೆ ಬಿದ್ದರು, ಹಿಂದಲೆ ಡಾಂಬರಿಗೆ ಬಡಿಯಿತು. ತಲೆಗೆ ಹೆಲ್ಮೆಟ್ ಇರಲಿಲ್ಲ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಅಂತ ನಮ್ಮ ರಾಜ್ಯದಲ್ಲಿ 2016ರಲ್ಲೇ ಆಗಿದೆ. ಮದುವೆಗೆ ಹೊರಟ ಹೆಣ್ಣುಮಕ್ಕಳ ಮುಡಿಗೆ ಹೆಲ್ಮೆಟ್ ಇಡುವವರು ಇವತ್ತಿಗೂ ಕಡಿಮೆ.

ಆಸ್ಪತ್ರೆಗೆ ಬಂದಾಗ ಗ್ಲಾಸ್ಗೋ ಕೋಮಾ ಸ್ಕೇಲ್‌ನಲ್ಲಿ ಅವರ ಅಂಕ 9. ಪೂರ್ತಿ ಎಚ್ಚರ ಇದ್ದವರಿಗೆ 15, ತೀರಾ ಕೆಳಗಿನದು 3. ಸಿಟಿ ಸ್ಕ್ಯಾನಿನಲ್ಲಿ ಹಿಂದಲೆಯ ಮೂಳೆಯಲ್ಲಿ ಸೀಳು, ಮಿದುಳಿನ ಮುಂಭಾಗದ ಎರಡೂ ಕಡೆ ಜಜ್ಜಿದ ಗಾಯ. ಪೆಟ್ಟು ಬಿದ್ದದ್ದು ಹಿಂದೆ, ಗಾಯ ಆದದ್ದು ಮುಂದೆ. ಇದು ವಿಚಿತ್ರ ಅನಿಸಬಹುದು, ಆದರೆ ಹೀಗೆ ಆಗುವುದೇ ಜಾಸ್ತಿ. ತಲೆ ಗಕ್ಕನೆ ನಿಂತಾಗ ಒಳಗಿನ ಮಿದುಳು ಜಾರಿ ಎದುರು ಬದಿಗೆ ಬಡಿಯುತ್ತದೆ. ಹಣೆಯ ಹಿಂದೆ, ಕಣ್ಣಿನ ಮೇಲೆ ಬುರುಡೆಯ ತಳ ಒರಟಾಗಿದೆ. ಅಲ್ಲೇ ಜರಡಿಯಂಥ ಒಂದು ತೆಳು ಮೂಳೆಯ ತೂತುಗಳಲ್ಲಿ ವಾಸನೆಯ ನರಗಳ ಎಳೆಗಳು ಹಾದು ಹೋಗುತ್ತವೆ. ಮಿದುಳು ಜಾರಿದಾಗ ಆ ಎಳೆಗಳು ಹರಿಯಬಹುದು. ಇದು ಯಾಕೆ ಮುಖ್ಯ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಆಪರೇಷನ್ ಬೇಕಾಗಲಿಲ್ಲ. ಆದರೆ ಎಚ್ಚರವಾದ ಮೇಲೂ ಮೂರು ವಾರದಷ್ಟು ಹೊತ್ತು ಅವರು ಇದ್ದೂ ಇಲ್ಲದ ಹಾಗಿದ್ದರು. ಈಗ ಹೇಳಿದ್ದು ಈಗ ಮರೆಯುವುದು, ಆಸ್ಪತ್ರೆಯನ್ನು ತವರುಮನೆ ಅನ್ನುವುದು, ಕೈಗೆ ಹಾಕಿದ ಸೂಜಿ ಕಿತ್ತುಕೊಳ್ಳುವುದು. ಈ ಗೊಂದಲದ ದಿನಗಳು ಉದ್ದವಾದಷ್ಟೂ ಮುಂದಿನ ಬದುಕಿನಲ್ಲಿ ತೊಂದರೆ ಉಳಿಯುವ ಸಂಭವ ಜಾಸ್ತಿ. ಆ ದಿನಗಳ ಲೆಕ್ಕವನ್ನು ಮಗಳು ಮೊಬೈಲಿನಲ್ಲಿ ಇಟ್ಟಿದ್ದಳು. ಡಿಸ್ಚಾರ್ಜ್ ಚೀಟಿಯಲ್ಲಿ ಅದು ಇರಲಿಲ್ಲ. ಮುಂದೆ ಅದು ನಮಗೆ ತುಂಬಾ ಉಪಯೋಗಕ್ಕೆ ಬಂತು.

ಮನೆಗೆ ಬಂದ ಮೇಲೆ

ಕೈಕಾಲು ಗಟ್ಟಿ. ಮಾತು ಸ್ವಚ್ಛ. ಊಟ, ನಿದ್ದೆ ಸರಿ. ಬಂದವರೆಲ್ಲ "ದೇವರು ದೊಡ್ಡವನು" ಅಂದು ಹೋದರು. ಅಪಘಾತವಾಗಿ ನಾಲ್ಕು ತಿಂಗಳಾದ ಮೇಲೆ ಮಗಳು ನನ್ನ ಹತ್ತಿರ ಬಂದಾಗ ಹೇಳಿದ್ದು ಇಷ್ಟು: "ನಮ್ಮವ್ವ ನಡೀತಾಳ, ಮಾತಾಡ್ತಾಳ. ಆದ್ರ ಹೇಳೋತನಕಾ ಒಂದ್ ಕೆಲಸಾ ಹಿಡಿಯಂಗಿಲ್ರಿ. ಹಿಡದ್ರ ಬಿಡಂಗಿಲ್ರಿ."

ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಹೇಳಲಾರದು. ಮಿದುಳಿನ ಮುಂಭಾಗದ ಕೆಲಸವೇ ಅದು: ಶುರು ಮಾಡುವುದು, ಸಾಲಾಗಿ ಮಾಡುವುದು, ನಡುವೆ ಬೇರೆ ಏನಾದರೂ ಬಂದರೆ ಅತ್ತ ನೋಡಿ ಮತ್ತೆ ಇತ್ತ ಬರುವುದು, ಸಾಕು ಅನಿಸಿದಾಗ ನಿಲ್ಲಿಸುವುದು. ಅಲ್ಲಿ ಗಾಯವಾದರೆ ಕೆಲಸ ಬಲ್ಲವರು ಬಲ್ಲವರಾಗಿಯೇ ಇರುತ್ತಾರೆ, ಆದರೆ ಕೆಲಸ ನಡೆಯುವುದಿಲ್ಲ.

ಎರಡು ವಾರ ನೋಡಿದ್ದನ್ನೆಲ್ಲ ಬರೆದಿಡು ಅಂತ ಮಗಳಿಗೆ ಹೇಳಿದ್ದೆ. ಆ ಪುಟಗಳಲ್ಲಿ ಏನಿತ್ತು ನೋಡಿ. ಬಚ್ಚಲಲ್ಲಿ ಬಿಸಿನೀರು ತೋಡಿ ಕೊಟ್ಟರೆ ನೀರು ಆರುವವರೆಗೆ ಕೈಯಲ್ಲಿ ತಂಬಿಗೆ ಹಿಡಿದು ಸುಮ್ನೆ ಕೂರುತ್ತಾರೆ. "ಯವ್ವಾ, ಹಾಕ್ಕೋ" ಅಂದರೆ ಹಾಕಿಕೊಳ್ಳುತ್ತಾರೆ. ಹಳಸಿದ ಪಲ್ಯ ತಿಂದರು, ಗೊತ್ತಾಗಲಿಲ್ಲ. ಗಾಡಿಯವನು ಬಂದ ಅಂತ ಎರಡು ಚೀಲ ಉಳ್ಳಾಗಡ್ಡಿ ಇಳಿಸಿಕೊಂಡರು, ಖಾನಾವಳಿ ಮುಚ್ಚಿ ತಿಂಗಳುಗಳಾಗಿದ್ದವು. ಪರಿಚಯ ಇಲ್ಲದವರೊಬ್ಬರು ಕಷ್ಟ ಹೇಳಿಕೊಂಡರು ಅಂತ ಡಬ್ಬದಲ್ಲಿದ್ದ ಎರಡು ಸಾವಿರ ತೆಗೆದು ಕೊಟ್ಟರು. ಇಬ್ಬರು ಒಟ್ಟಿಗೆ ಮಾತಾಡಿದರೆ ತಟ್ಟೆ ಎಸೆಯುತ್ತಾರೆ. ಅರ್ಧ ಗಂಟೆಗೆ ಏನೂ ಆಗದ ಹಾಗೆ "ಚಾ ಮಾಡಲೇನು?" ಅನ್ನುತ್ತಾರೆ, ಮಾಡುವುದಿಲ್ಲ.

ಓಣಿಯಲ್ಲಿ ಒಬ್ಬರು ಸೊಕ್ಕು ಅಂದರು, ಇನ್ನೊಬ್ಬರು ಗಾಳಿ ಸೋಕಿದೆ ಅಂದರು. ನೆಗೆಣ್ಣಿಗೆ ಆಲಸ್ಯ ಅನಿಸಿತ್ತು. ಹಾಗೆ ಅನಿಸುವುದು ಸಹಜ. ಕಾಲು ಮುರಿದರೆ ಪಟ್ಟಿ ಕಾಣುತ್ತದೆ, ಇದು ಕಾಣುವುದಿಲ್ಲ.

ಒಮ್ಮೆ ಹಾಲು ಉಕ್ಕಿ ಒಲೆ ಆರಿ, ಗ್ಯಾಸ್ ಹಾಗೇ ಬರುತ್ತಿತ್ತು. ಅಕ್ಕ ಅಲ್ಲೇ ಕೂತಿದ್ದರು, ಅವರಿಗೆ ವಾಸನೆ ಬಂದಿರಲಿಲ್ಲ. ಅವತ್ತಿನಿಂದ ಮೈದುನ ಅಡುಗೆಮನೆಗೆ ಬೀಗ ಹಾಕಿದರು. ಮಗಳು ಕಾಲೇಜು ಬಿಟ್ಟಳು. ಅಕ್ಕ ದಿನವಿಡೀ ಹೊರಗಿನ ಕಟ್ಟೆಯ ಮೇಲೆ.

ನನ್ನ ಎದುರು ಕೂತು ಅಕ್ಕ ಹೇಳಿದ್ದು: "ನನಗೇನಾಗೇತಿ? ನಾ ಆರಾಮ ಅದೀನಿ. ಇವ್ರ ನನ್ನ ಅಡಗಿಮನಿಗೆ ಬಿಡವಲ್ರು."

ಪರೀಕ್ಷೆಯಲ್ಲಿ ಪಾಸು

ಕ್ಲಿನಿಕ್ಕಿನಲ್ಲಿ ಮಾಡಿದ ಪರೀಕ್ಷೆಗಳಲ್ಲಿ ಅಕ್ಕ ಚೆನ್ನಾಗಿಯೇ ಮಾಡಿದರು. ದಿನ, ವಾರ, ಊರು ಸರಿ. ಸಣ್ಣ ಲೆಕ್ಕ ಸರಿ. ಊಟ, ಸ್ನಾನ, ಬಟ್ಟೆ, ನಡಿಗೆ, ಮಾತು ಅಂತ 18 ವಿಷಯ ನೋಡಿ 126ಕ್ಕೆ ಅಂಕ ಕೊಡುವ ಒಂದು ಅಳತೆ ಇದೆ, ಎಫ್‌ಐಎಂ ಅನ್ನುತ್ತೇವೆ. ಅದರಲ್ಲೂ ಅವರು ಮೇಲಿನ ಸಾಲಿನಲ್ಲೇ ಇದ್ದರು. ಕಾಗದ ನೋಡಿದವರು ಇವರು ಸ್ವತಂತ್ರರು ಅನ್ನುತ್ತಾರೆ.

ಕಾರಣ ಸರಳ. ಕ್ಲಿನಿಕ್ಕಿನಲ್ಲಿ ಶುರು ಮಾಡುವವರು ನಾವು. "ಈಗ ಇದು ಮಾಡಿ" ಅನ್ನುತ್ತೇವೆ, ಅವರು ಮಾಡುತ್ತಾರೆ, "ಸಾಕು" ಅನ್ನುತ್ತೇವೆ, ನಿಲ್ಲಿಸುತ್ತಾರೆ. ಅವರ ಮಿದುಳಿನ ಯಾವ ಭಾಗ ಕೈಕೊಟ್ಟಿದೆಯೋ ಆ ಭಾಗದ ಕೆಲಸವನ್ನು ಗೊತ್ತಿಲ್ಲದೆ ನಾವೇ ಮಾಡಿಕೊಡುತ್ತಿರುತ್ತೇವೆ. ಬ್ರಿಟನ್ನಿನ ಮನೋವಿಜ್ಞಾನಿಗಳಾದ ಶ್ಯಾಲಿಸ್ ಮತ್ತು ಬರ್ಜೆಸ್ 1991ರಲ್ಲೇ ಇದನ್ನು ತೋರಿಸಿದ್ದರು. ತಲೆಪೆಟ್ಟಾಗಿಯೂ ಮಾಮೂಲಿ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ತೆಗೆದ ಮೂವರನ್ನು ಅಂಗಡಿ ಬೀದಿಗೆ ಕಳಿಸಿ ಎಂಟು ಸಣ್ಣ ಕೆಲಸ ಹೇಳಿದಾಗ ಅವರೆಲ್ಲ ತಡವರಿಸಿದ್ದರು. ಅದಕ್ಕೇ ನಾನು ಅಡುಗೆಮನೆಯ ಬೀಗ ತೆಗೆಸಿ, ನೆಗೆಣ್ಣಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಅಕ್ಕಾ, ಇವತ್ತು ನಾಲ್ಕು ಮಂದಿಗೆ ಊಟಕ್ಕೆ ಮಾಡ್ರಿ" ಅಂದೆ.

ಮೊದಲು ಏನೂ ಆಗಲಿಲ್ಲ. ಅಕ್ಕ ಮಣೆಯ ಮೇಲೆ ಕೂತರು, ಕೂತೇ ಇದ್ದರು. ನಾನು ಮಾತಾಡಲಿಲ್ಲ. ಮಗಳಿಗೆ ತಡೆಯಲಾಗದೆ "ಯವ್ವಾ, ಎಸರ ಇಡು" ಅಂದಳು. ಅಷ್ಟೇ. ಆಮೇಲಿನದು ನೋಡಬೇಕಿತ್ತು. ನೀರು ಕುದಿಯುತ್ತಿದ್ದಂತೆ ಹಿಟ್ಟಿನ ನಡುವೆ ಗುಂಡಿ ಮಾಡಿ ಎಸರು ಹೊಯ್ದರು, ಸೌಟಿನ ಹಿಡಿಯಲ್ಲಿ ತಿರುವಿದರು, ಬಿಸಿ ಇರುವಾಗಲೇ ಅಂಗೈಯ ಬುಡದಲ್ಲಿ ನಾದಿದರು. ಉಂಡೆ ಹಿಡಿದು, ಒಣ ಹಿಟ್ಟು ಉದುರಿಸಿ ಬಡಿಯಲು ಶುರು ಮಾಡಿದರು. ಎರಡೂ ಕೈ ಒಂದೇ ತಾಳದಲ್ಲಿ, ರೊಟ್ಟಿ ತನ್ನಷ್ಟಕ್ಕೆ ತಿರುಗುತ್ತಾ ಅಗಲವಾಗುತ್ತಾ ಹೋಯಿತು. ಅಂಚು ಎಲ್ಲೂ ಸೀಳಲಿಲ್ಲ. ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ನೀರು ಸವರಿ, ಸರಿಯಾದ ಹೊತ್ತಿಗೆ ಮಗುಚಿದರು. ಉಬ್ಬಿತು. ಮಗಳ ಕಣ್ಣಲ್ಲಿ ನೀರು ಬಂತು. ತಿಂಗಳುಗಳಿಂದ ಅವಳು ತಾಯಿಯ ಈ ಕೈ ನೋಡಿರಲಿಲ್ಲ.

ಪಕ್ಕದ ಒಲೆಯಲ್ಲಿ ಬದನೆಕಾಯಿ ಇಟ್ಟಿದ್ದರು. ಅದು ತಳ ಹಿಡಿಯಿತು, ಸೀದಿತು, ಹೊಗೆ ಬಂತು. ಅಕ್ಕ ತಿರುಗಿ ನೋಡಲಿಲ್ಲ. ನಾಲ್ಕು ಮಂದಿಗೆ ಸಾಕಾಗುವಷ್ಟು ರೊಟ್ಟಿ ಆಗಿ ಬುಟ್ಟಿ ತುಂಬಿದರೂ ಬಡಿಯುತ್ತಲೇ ಇದ್ದರು. ಹಿಟ್ಟು ಮುಗಿದಾಗ ಡಬ್ಬದಿಂದ ಇನ್ನಷ್ಟು ಹಿಟ್ಟು ತೋಡಿಕೊಂಡರು.

ಈ ಒಂದು ಮಧ್ಯಾಹ್ನದಲ್ಲಿ ಕೆಲಸದ ನಕ್ಷೆ ಸಿಕ್ಕಿತು. ಕೈಯ ಅಭ್ಯಾಸ ಪೂರ್ತಿ ಉಳಿದಿದೆ. ಅದು ಮಿದುಳಿನ ಬೇರೆ, ಆಳದ ಜಾಗಗಳಲ್ಲಿ ಇರುತ್ತದೆ, ಅಲ್ಲಿಗೆ ಗಾಯ ಹೋಗಿಲ್ಲ. ಶುರುಮಾಡುವುದು ಹೋಗಿದೆ, ನಿಲ್ಲಿಸುವುದು ಹೋಗಿದೆ, ಎರಡು ಕೆಲಸ ಒಟ್ಟಿಗೆ ನಡೆಸುವುದು ಹೋಗಿದೆ. ಮೂಗು ಹೋಗಿದೆ.

ಹಿಡಿಯದ ಉಪಾಯಗಳು

ಮನೆಯವರು ಆಗಲೇ ಕೆಲವು ಪ್ರಯತ್ನ ಮಾಡಿದ್ದರು. ಯಾರೋ ಹೇಳಿದರು ಅಂತ ಮೊಬೈಲಿನಲ್ಲಿ ನೆನಪಿನ ಆಟ ಆಡಿಸುತ್ತಿದ್ದರು. ಆಟದಲ್ಲಿ ಅಂಕ ಏರಿತು, ಬಚ್ಚಲಲ್ಲಿ ತಂಬಿಗೆ ಹಿಡಿದು ಕೂರುವುದು ಹಾಗೇ ಇತ್ತು. ಇಂಥ ಆಟಗಳಿಂದ ಆಟ ಚೆನ್ನಾಗಿ ಬರುತ್ತದೆ, ದಿನದ ಬದುಕಿಗೆ ಅದು ಇಳಿದು ಬರುವುದು ಅಪರೂಪ. ಮಗಳು ನೋಟ್‌ಬುಕ್ಕಿನಲ್ಲಿ ಕೆಲಸದ ಪಟ್ಟಿ ಬರೆದಿಟ್ಟಿದ್ದಳು. ಓದುವ ಅಭ್ಯಾಸ ಇಲ್ಲದವರಿಗೆ, ಅದರಲ್ಲೂ ಪುಸ್ತಕ ತೆರೆಯಬೇಕು ಅನ್ನುವುದೇ ಹೊಳೆಯದವರಿಗೆ, ಪಟ್ಟಿ ಏನು ಮಾಡೀತು? ಮೊಬೈಲ್ ಅಲಾರಂ ಹೊಡೆದಾಗ ಅಕ್ಕ ಅದನ್ನು ಆರಿಸುತ್ತಿದ್ದರು. ಯಾಕೆ ಹೊಡೆಯಿತು ಅಂತ ಕೇಳಿದರೆ "ಏನೋ ಬಡಕೋತೈತಿ ಅದು" ಅನ್ನುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚು ಕೆಟ್ಟದ್ದು ಮಾಡಿದ್ದು ವಾದ. "ನಿನಗ ಮರವು ಐತಿ", "ನೀ ಗ್ಯಾಸ್ ಬಿಟ್ಟಿದ್ದಿ" ಅಂತ ದಿನಾ ಹೇಳುವುದು, ಅಕ್ಕ "ಸುಳ್ಳ" ಅನ್ನುವುದು, ಜಗಳ. ತನಗಾದ ತೊಂದರೆಯನ್ನು ಗುರುತಿಸುವ ಕೆಲಸವೂ ಮಿದುಳಿನ ಅದೇ ಮುಂಭಾಗದ್ದು. ಅಕ್ಕ ಹಟ ಮಾಡುತ್ತಿರಲಿಲ್ಲ, ಸುಳ್ಳೂ ಹೇಳುತ್ತಿರಲಿಲ್ಲ. ಅವರಿಗೆ ನಿಜಕ್ಕೂ ಕಾಣುತ್ತಿರಲಿಲ್ಲ. ಮನೆಯವರಿಗೆ ಇದನ್ನು ಬಿಡಿಸಿ ಹೇಳಿದ ದಿನ ನೆಗೆಣ್ಣಿ ತುಂಬಾ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಾವ್ ಯಾಕ್ರಿ ಬೈದ್ವಿ ಇಷ್ಟದಿನಾ" ಅಂದರು.

ವಾದ ಬಿಟ್ಟು ಬೇರೆ ದಾರಿ ಹಿಡಿದೆವು. ಕೆಲಸಕ್ಕೆ ಮುಂಚೆ ಅಕ್ಕನನ್ನೇ ಕೇಳುವುದು: "ಎಷ್ಟು ರೊಟ್ಟಿ ಮಾಡ್ತೀರಿ? ಪಲ್ಯ ಹೆಂಗ ಆಗತೈತಿ?" ಮುಗಿದ ಮೇಲೆ ಅವರೇ ನೋಡುವುದು. ನಾವು ತಪ್ಪು ಎತ್ತಿ ತೋರಿಸುವುದಿಲ್ಲ. ಮೊದಲು ಇದೂ ವ್ಯರ್ಥ ಅನಿಸಿತು. ಆದರೆ ಒಂದು ದಿನ ಸೀದ ಬದನೆಕಾಯಿ ಪಾತ್ರೆಯನ್ನು ಮೂಗಿನ ಹತ್ತಿರ ಹಿಡಿದು, ಮತ್ತೆ ಹಿಡಿದು, ಅಕ್ಕ ನೆಗೆಣ್ಣಿಗೆ ಹೇಳಿದರು: "ನನಗ ವಾಸನಿನ ಬರವಲ್ದ ನೋಡ್. ನೀನ ನೋಡಬೇಕಿನ್ನ."

ಈ ಪ್ರಕರಣದ ತಿರುವು ಇದು. "ಬುದ್ಧಿ ಮಂಕಾಗಿದೆ" ಅಂತ ಒಪ್ಪಿಕೊಳ್ಳುವುದು ಯಾರಿಗಾದರೂ ಕಷ್ಟ. ಮೂಗು ಹೋಗಿದೆ ಅಂತ ಒಪ್ಪುವುದರಲ್ಲಿ ಮಾನ ಹೋಗುವುದಿಲ್ಲ ಅಲ್ವಾ? ಆ ಒಂದು ಬಾಗಿಲಿಂದ ಉಳಿದ ನೆರವೂ ಒಳಗೆ ಬಂತು.

ಖಾನಾವಳಿಯನ್ನು ಬಿಚ್ಚಿ ಜೋಡಿಸಿದ್ದು

ಅಕ್ಕನಿಗೆ ಹೋದದ್ದನ್ನೆಲ್ಲ ಮರಳಿ ಕಲಿಸುವುದೋ, ಅಥವಾ ಉಳಿದದ್ದನ್ನು ಇಟ್ಟುಕೊಂಡು ಹೋದದ್ದನ್ನು ಅಡುಗೆಮನೆಗೇ ಒಪ್ಪಿಸುವುದೋ? ನಾವು ಎರಡನೆಯದನ್ನು ಆರಿಸಿದೆವು. ನೆನಪಿಡುವ, ನಿಲ್ಲಿಸುವ ಭಾರ ಅಕ್ಕನ ತಲೆಯ ಮೇಲೆ ಇರಬಾರದು. ಅದನ್ನು ಡಬ್ಬ, ಬುಟ್ಟಿ, ಹಾಲಿನವನು ಹೊರಬೇಕು.

ಹಿಟ್ಟನ್ನು ರಾತ್ರಿಯೇ ಮಗಳು ಒಂದೇ ಅಳತೆಯ ಡಬ್ಬಗಳಲ್ಲಿ ತುಂಬಿಡುತ್ತಾಳೆ. ಒಂದು ಡಬ್ಬಕ್ಕೆ ಒಂದು ಬುಟ್ಟಿ. ಸಾಲಿನಲ್ಲಿ ಡಬ್ಬ ಖಾಲಿಯಾದರೆ ಕೆಲಸ ಮುಗಿಯಿತು. ದೊಡ್ಡ ಹಿಟ್ಟಿನ ಡಬ್ಬ ಅಡುಗೆಮನೆಯಿಂದಲೇ ಹೊರಗೆ ಹೋಯಿತು. ಕೈಗೆ ಸಿಕ್ಕರೆ ತಾನೇ ಮತ್ತೆ ತೋಡುವುದು? ಪಲ್ಯ, ಸಾರು, ಗ್ಯಾಸು ನೆಗೆಣ್ಣಿಯ ಪಾಲು. ಪಡಸಾಲೆಯಲ್ಲಿ ಯಾರು ಏನು ಕೇಳಿದರೂ ಬಡಿಸುವ ಹುಡುಗನ ಹತ್ತಿರವೇ ಹೇಳಬೇಕು, ಒಳಗೆ ಕೂಗುವಂತಿಲ್ಲ.

ಶುರು ಮಾಡುವುದಕ್ಕೆ ದಿನದಲ್ಲಿ ಆಗಲೇ ಇದ್ದ ಗೂಟಗಳನ್ನು ಹಿಡಿದೆವು. ಹಾಲಿನವನ ಗಂಟೆ ಕೇಳಿದರೆ ಸ್ನಾನ. ಸ್ನಾನ ಆದ ಮೇಲೆ ದೇವರ ದೀಪ. ದೀಪ ಆದ ಮೇಲೆ ಎಸರು. ಬಚ್ಚಲಲ್ಲಿ ತಂಬಿಗೆ, ಸೋಪು, ಟವೆಲ್, ಸೀರೆ ಬಳಸುವ ಸಾಲಿನಲ್ಲೇ ಜೋಡಿಸಿಟ್ಟೆವು. ಮಗಳು ಮೊದಲ ವಾರಗಳಲ್ಲಿ ಪ್ರತಿ ಹಂತಕ್ಕೂ ಒಂದೇ ಮಾತು, ಅದೇ ಪದಗಳಲ್ಲಿ ಹೇಳಿದಳು, ತಪ್ಪಲು ಬಿಡಲಿಲ್ಲ. ನೆನಪು ಸೋತವರು ತಪ್ಪು ಮಾಡಿ ಕಲಿಯುವುದಿಲ್ಲ, ತಪ್ಪೇ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಮಾತು ಕಡಿಮೆ ಮಾಡುತ್ತಾ ಬಂದಳು. ಕೊನೆಗೆ ಬಾಗಿಲ ಹೊರಗಿಂದ "ಮುಂದ?" ಅಂದರೆ ಸಾಕಾಗುತ್ತಿತ್ತು. ಒಂದು ದಿನ ಅದೂ ಬೇಕಾಗಲಿಲ್ಲ.

ಸ್ಥಿರವಾದ ದಿನಚರಿ ಇಂಥವರಿಗೆ ಎಷ್ಟು ಆಸರೆ ಅನ್ನುವುದಕ್ಕೆ ಹಳೆಯ ಉದಾಹರಣೆ ಇದೆ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ದಾರಿಯ ಬಂಡೆ ಸಿಡಿಸುವಾಗ ಫಿನಿಯಸ್ ಗೇಜ್ ಅನ್ನುವವನ ತಲೆಯ ಮುಂಭಾಗವನ್ನು ಕಬ್ಬಿಣದ ಸರಳು ತೂರಿ ಹೋಯಿತು. ಬದುಕಿದ, ಆದರೆ ಮೊದಲಿನ ಮನುಷ್ಯ ಆಗಿರಲಿಲ್ಲ ಅನ್ನುವ ಕಥೆ ಎಲ್ಲರಿಗೂ ಗೊತ್ತು. ಆಮೇಲೆ ಅವನು ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿದ ಅನ್ನುವುದನ್ನು ಹೇಳುವವರು ಕಡಿಮೆ. ದಿನಾ ಅದೇ ಕುದುರೆ, ಅದೇ ದಾರಿ, ಅದೇ ಹೊತ್ತು. ಆ ಕೆಲಸವೇ ಅವನನ್ನು ಮತ್ತೆ ಕಟ್ಟಿರಬಹುದು ಅಂತ ಅವನ ಬಗ್ಗೆ ಆಳವಾಗಿ ಕೆಲಸ ಮಾಡಿದ ಮ್ಯಾಕ್‌ಮಿಲನ್ ಅಂತಹ ಇತಿಹಾಸಕಾರರು ವಾದಿಸುತ್ತಾರೆ. ನನಗೆ ಆ ಮಾತಿನಲ್ಲಿ ನಂಬಿಕೆ ಇದೆ.

ಮೂಗಿನ ವಿಷಯಕ್ಕೆ ಬರುತ್ತೇನೆ. ಅಡುಗೆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತಲೇ ನಾರುವ ಒಂದು ರಾಸಾಯನಿಕ ಬೆರೆಸುತ್ತಾರೆ. ವಾಸನೆ ಹೋದವರಿಗೆ ಆ ಎಚ್ಚರಿಕೆಯೇ ಇಲ್ಲ. ಗ್ಯಾಸ್ ಸೋರಿದರೆ ಕೂಗುವ ಒಂದು ಸಣ್ಣ ಯಂತ್ರ ಹಾಕಿಸಿದೆವು. ಅದನ್ನು ನೆಲದ ಹತ್ತಿರ ಹಾಕಬೇಕು, ಯಾಕೆಂದರೆ ಸಿಲಿಂಡರ್ ಗ್ಯಾಸು ಗಾಳಿಗಿಂತ ಭಾರ, ಕೆಳಗೇ ತುಂಬಿಕೊಳ್ಳುತ್ತದೆ. ಹಾಕಲು ಬಂದವನು ಚಂದ ಕಾಣಲಿ ಅಂತ ಸೀಲಿಂಗ್ ಹತ್ತಿರ ಅಳತೆ ಹಿಡಿದಿದ್ದ, ಮಗಳು ಕೆಳಗೆ ಹಾಕಿಸಿದಳು. ಮಿಕ್ಕ ಪಲ್ಯ, ಮೊಸರು ಆವತ್ತಿನದು ಆವತ್ತೇ ಖಾಲಿ. ಅಕ್ಕನ ಕೈಗೆ ಹಳೆಯದು ಸಿಗಬಾರದು.

ಇನ್ನೊಂದು, ದಣಿವು. ಗಾಯಗೊಂಡ ಮಿದುಳಿಗೆ ಗದ್ದಲವನ್ನು ಸೋಸುವುದೇ ದೊಡ್ಡ ಕೆಲಸ. ಅಕ್ಕ ತಟ್ಟೆ ಎಸೆದ ಸಂದರ್ಭಗಳನ್ನು ಮಗಳ ಪುಟಗಳಲ್ಲಿ ಹುಡುಕಿದರೆ ಹೆಚ್ಚಿನವು ಮಧ್ಯಾಹ್ನ ಒಂದರ ಮೇಲೆ. ಹಾಗಾಗಿ ಡಬ್ಬಿಗಳು ಹೋದ ಮೇಲೆ, ಉಣ್ಣುವವರು ಬರುವ ಮೊದಲು, ಹಿಂದಿನ ಕೋಣೆಯಲ್ಲಿ ಅರ್ಧ ಗಂಟೆ ಮಲಗುವುದು. ಟಿವಿ ಇಲ್ಲ, ಫೋನಿಲ್ಲ. ಸಿಟ್ಟು ಅರ್ಧಕ್ಕೆ ಇಳಿಯಿತು. ಉಪದೇಶಕ್ಕೆ ಇಳಿಯದ್ದು ನಿದ್ದೆಗೆ ಇಳಿಯಿತು.

ಫಿಟ್ಸ್

ಖಾನಾವಳಿ ಮತ್ತೆ ಶುರುವಾಗಿ ಕೆಲವು ವಾರ ಚೆನ್ನಾಗಿಯೇ ನಡೆಯಿತು. ಒಂದು ಬೆಳಿಗ್ಗೆ ಹಂಚಿನ ಮುಂದೆ ಕೂತಾಗಲೇ ಅಕ್ಕನಿಗೆ ಫಿಟ್ಸ್ ಬಂತು. ನೆಗೆಣ್ಣಿ ಪಕ್ಕದಲ್ಲೇ ಇದ್ದುದರಿಂದ ಮೊಣಕೈಗೆ ಸಣ್ಣ ಸುಟ್ಟಗಾಯದಲ್ಲಿ ಮುಗಿಯಿತು. ತಲೆಪೆಟ್ಟಿನ ನಂತರ ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೂ ಫಿಟ್ಸ್ ಬರಬಹುದು. ಮಿದುಳು ಜಜ್ಜಿದ್ದರೆ ಆ ಸಂಭವ ಇನ್ನೂ ಜಾಸ್ತಿ. ಮನೆಯವರಿಗೆ ಇದನ್ನು ಮೊದಲೇ ಹೇಳಿದ್ದೆವು. ಆದರೆ ಹೇಳಿದ್ದು ಬೇರೆ, ಕಣ್ಣೆದುರು ಆಗುವುದು ಬೇರೆ.

ಮೈದುನ ಬೀಗ ಹಿಡಿದು ಬಂದರು. "ಸುಟ್ಟಕೊಂಡು ಸತ್ತರ ಯಾರ್ ಹೊಣಿ?" ಅನ್ನುವ ಅವರ ಪ್ರಶ್ನೆ ತಪ್ಪಲ್ಲ. ಬೆಂಕಿ ಮತ್ತು ಫಿಟ್ಸ್ ಒಂದೆಡೆ ಇರಬಾರದು, ಅದರಲ್ಲಿ ನನಗೂ ಎರಡು ಮಾತಿರಲಿಲ್ಲ. ಆದರೆ ಕಟ್ಟೆಯ ಮೇಲೆ ಕೂರಿಸಿದ ದಿನಗಳಲ್ಲಿ ಅಕ್ಕ ಎಷ್ಟು ಕುಗ್ಗಿದ್ದರು ಅನ್ನುವುದನ್ನೂ ಎಲ್ಲರೂ ನೋಡಿದ್ದರು. ಬೆಂಕಿ ಬೇಡ, ರೊಟ್ಟಿ ಬೇಕು. ದಾರಿ ಹೇಳಿದ್ದು ನೆಗೆಣ್ಣಿ: "ಅಕ್ಕ ಬಡೀಲಿ, ನಾ ಬೇಯಸ್ತೀನಿ." ದೊಡ್ಡ ಖಾನಾವಳಿಗಳಲ್ಲಿ ಹಾಗೇ ತಾನೇ, ಒಬ್ಬರು ಬಡಿಯುತ್ತಾರೆ, ಒಬ್ಬರು ಬೇಯಿಸುತ್ತಾರೆ. ಅಕ್ಕನ ಹಲಗೆಯನ್ನು ಒಲೆಯಿಂದ ದೂರ, ಗೋಡೆಯ ಕಡೆ ಸರಿಸಿದೆವು. ಅಕ್ಕ ಕೆಲವು ದಿನ ಮುನಿಸಿಕೊಂಡರು. ಹಂಚು ಅವರದು, ಕೊಟ್ಟು ಕೂರುವುದು ಸುಲಭ ಅಲ್ಲ.

ಡಾಕ್ಟರು ಲೆವೆಟಿರಾಸಿಟಮ್ ಶುರು ಮಾಡಿದರು. ಫಿಟ್ಸ್ ನಿಂತಿತು, ಸಿಟ್ಟು ವಾಪಸ್ ಬಂತು, ಮೊದಲಿಗಿಂತ ಜೋರಾಗಿ. ಮನೆಯವರು ಮಿದುಳು ಇನ್ನೂ ಕೆಟ್ಟಿತು ಅಂದುಕೊಂಡು ಗುಳಿಗೆ ನಿಲ್ಲಿಸುವ ಮಾತಾಡಿದರು. ಮಗಳ ಪುಟಗಳು ಮತ್ತೆ ನೆರವಿಗೆ ಬಂದವು. ಸಿಟ್ಟು ಏರಿದ್ದು ಗುಳಿಗೆ ಶುರುವಾದ ವಾರದಿಂದಲೇ. ಈ ಗುಳಿಗೆಯಿಂದ ಕೆಲವರಿಗೆ ಕಿರಿಕಿರಿ, ಸಿಟ್ಟು ಬರುವುದು ಗೊತ್ತಿರುವ ಸಂಗತಿ. ಫಿಟ್ಸ್ ಗುಳಿಗೆಯನ್ನು ತಟ್ಟನೆ ನಿಲ್ಲಿಸಿದರೆ ಜೋರು ಫಿಟ್ಸ್ ಬರಬಹುದು, ಹಾಗಾಗಿ ನಾವು ಏನೂ ಮುಟ್ಟದೆ ಡಾಕ್ಟರ ಹತ್ತಿರವೇ ಹೋದೆವು. ಅವರು ನಿಧಾನವಾಗಿ ಬೇರೆ ಗುಳಿಗೆಗೆ ಬದಲಿಸಿದರು. ತಿಂಗಳಲ್ಲಿ ಅಕ್ಕ ತಣ್ಣಗಾದರು. ಪುಟದಲ್ಲಿ ತಾರೀಕು ಇರದಿದ್ದರೆ ಆ ಸಿಟ್ಟನ್ನೂ ಸ್ವಭಾವದ ಲೆಕ್ಕಕ್ಕೇ ಬರೆಯುತ್ತಿದ್ದರು.

ದುಡ್ಡು ಮತ್ತು ಕಾಗದ

ಉಣ್ಣುವವರಿಗೆ ಕ್ಯೂಆರ್ ಇಟ್ಟೆವು. ಎಷ್ಟು ಬಂತು ಅಂತ ಪೆಟ್ಟಿಗೆಯೇ ಕೂಗಿ ಹೇಳುತ್ತದೆ, ಅಕ್ಕನಿಗೂ ಕೇಳುತ್ತದೆ. ಚಿಲ್ಲರೆ ಎಣಿಸುವ ಗೊಂದಲ ಕಡಿಮೆಯಾಯಿತು. ಉದ್ರಿ ಬಂದ್. ಅಕ್ಕನ ಚೀಲದಲ್ಲಿ ದಿನಕ್ಕೆ ಇಷ್ಟೇ ಅಂತ ಸ್ವಲ್ಪ ಹಣ. ಕೊಟ್ಟು ಕಳೆದರೂ ಅಷ್ಟೇ ಹೋಗುತ್ತದೆ, ಕೇಳುವವರಿಲ್ಲ. ಆ ಹಣ ಪೂರ್ತಿ ಅವರದೇ.

ಮೈದುನ ಒಳ್ಳೆಯ ಮನಸ್ಸಿನಿಂದಲೇ ಒಂದು ಮಾತು ಎತ್ತಿದರು: ಮನೆ, ಖಾತೆ ಎಲ್ಲ ತಮ್ಮ ಹೆಸರಿಗೆ ಮಾಡಿಸಿದರೆ ಓಡಾಟ ಸುಲಭ, ಅಕ್ಕ ಹೆಬ್ಬೆಟ್ಟು ಒತ್ತಿದರೆ ಆಯಿತು. ಇದಕ್ಕೆ ನಾನು ಬೇಡ ಅಂದೆ, ಈಗಲೂ ಅದೇ ಅನ್ನುತ್ತೇನೆ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 13ನೇ ಸೆಕ್ಷನ್ ಪ್ರಕಾರ ಅವರಿಗೂ ಆಸ್ತಿ ಹೊಂದುವ, ಹಣಕಾಸು ನಡೆಸುವ ಹಕ್ಕು ಇತರರಷ್ಟೇ ಇದೆ. ನಿರ್ಧಾರಕ್ಕೆ ನೆರವು ಬೇಕು ಅಂದರೆ ನಿರ್ಧಾರವೇ ಬೇಡ ಅಂತ ಅರ್ಥ ಅಲ್ಲ. ಕೊನೆಗೆ ಬ್ಯಾಂಕ್ ಖಾತೆಗೆ ಮಗಳ ಸಹಿಯೂ ಬೇಕು ಅಂತ ಮಾಡಿಸಿ, ಮನೆ ಅಕ್ಕನ ಹೆಸರಲ್ಲೇ ಉಳಿಯಿತು.

ಅಂಗವೈಕಲ್ಯದ ಸರ್ಟಿಫಿಕೇಟಿನ ಕಥೆ ಬೇಸರದ್ದು. ಆ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಅಪಘಾತದ ಮಿದುಳು ಗಾಯಕ್ಕೆ ಅದರಲ್ಲಿ ಬೇರೆ ಹೆಸರಿಲ್ಲ. ಹೆಚ್ಚಿನ ಸವಲತ್ತಿಗೆ ಶೇ. 40 ಆಗಬೇಕು. ಕೈಕಾಲು ಅಳೆದರೆ ಅಕ್ಕನಿಗೆ ಸೊನ್ನೆ. ಮಾನಸಿಕ ಮತ್ತು ವರ್ತನೆಯ ಕಡೆಯಿಂದ ಅಳೆಯಿರಿ ಅಂತ, ದಿನದ ಕೆಲಸದಲ್ಲಿ ಎಲ್ಲೆಲ್ಲಿ ನೆರವು ಬೇಕು ಅನ್ನುವ ವರದಿ, ಗೊಂದಲದ ದಿನಗಳ ಲೆಕ್ಕ, ನ್ಯೂರೋಸೈಕಾಲಜಿ ಪರೀಕ್ಷೆಯ ಕಾಗದ ಎಲ್ಲ ಸೇರಿಸಿ ಮತ್ತೆ ಅರ್ಜಿ ಹಾಕಿದ್ದಾರೆ.

ಅಪಘಾತದ ಪರಿಹಾರವಂತೂ ಕೇಳಲೇ ಇಲ್ಲ. ಬೈಕ್ ಓಡಿಸಿದ್ದು ಮನೆಯ ಹುಡುಗ, ಅವನ ಮೇಲೆ ಕೇಸ್ ಆಗುತ್ತದೆ ಅಂತ ಆಸ್ಪತ್ರೆಯಲ್ಲಿ "ಮೆಟ್ಟಿಲಿಂದ ಬಿದ್ದರು" ಅಂತ ಬರೆಸಿದ್ದರು. ಇಂಥ ಕಡೆ ಮೊದಲ ದಿನವೇ ವಕೀಲರನ್ನು ಕೇಳಬೇಕು. ಬೈಕಿನ ವಿಮೆ ಪಾಲಿಸಿ ಯಾವ ಬಗೆಯದು ಅನ್ನುವುದರ ಮೇಲೆ ಎಷ್ಟೋ ನಿಂತಿರುತ್ತದೆ. ಕೈಕಾಲು ನೆಟ್ಟಗಿರುವವರಿಗೂ ದಾರಿ ಇದೆ: ವೈದ್ಯರು ಬರೆಯುವ ಅಂಗವೈಕಲ್ಯದ ಶೇಕಡಾವಾರೇ ಬೇರೆ, ದುಡಿಯುವ ಶಕ್ತಿ ಎಷ್ಟು ಹೋಯಿತು ಅನ್ನುವುದೇ ಬೇರೆ ಅಂತ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಖಾನಾವಳಿ ನಡೆಸುವವರ ದುಡಿಮೆ ಕೈಯಲ್ಲಿ ಮಾತ್ರ ಇರುವುದಿಲ್ಲ, ಇಡೀ ಲೆಕ್ಕಾಚಾರ ತಲೆಯಲ್ಲಿರುತ್ತದೆ.

ಆ ಹುಡುಗ ತುಂಬಾ ದಿನ ಈ ಕಡೆ ಸುಳಿದಿರಲಿಲ್ಲ. ಈಗ ಗಿರಣಿಯ ಕೆಲಸ ಅವನದು. ವಾರಕ್ಕೆ ಎರಡು ಸಲ ಹಿಟ್ಟು ತಂದು ಇಳಿಸುತ್ತಾನೆ.

ಈಗ

ಅಪಘಾತವಾಗಿ ಎರಡು ವರ್ಷ ದಾಟಿದೆ. ಡಬ್ಬಿಗಳು ಮೊದಲಿನ ಅರ್ಧದಷ್ಟು. ಅಕ್ಕ ಬೆಳಗಿನ ಸ್ನಾನ, ಬಟ್ಟೆ, ದೀಪ, ರೊಟ್ಟಿ ಇವನ್ನು ಯಾರೂ ಹೇಳದೆ ಮಾಡುತ್ತಾರೆ. ಹಬ್ಬ ಬಂದು, ಮನೆಗೆ ನೆಂಟರು ತುಂಬಿ, ಹಾಲಿನವನು ತಡ ಮಾಡಿದ ದಿನ ಮತ್ತೆ ಎಲ್ಲಾ ಕಲಸಿ ಹೋಗುತ್ತದೆ. ಅಂಥ ದಿನ ಮಗಳು ಹಳೆಯ ಹಾಗೆ ಪಕ್ಕದಲ್ಲಿ ನಿಲ್ಲುತ್ತಾಳೆ. ವಾಸನೆ ಮರಳಿಲ್ಲ, ಇಷ್ಟು ದಿನ ಬರದಿದ್ದದ್ದು ಇನ್ನು ಬರುವ ಆಸೆ ಕಡಿಮೆ. ಫಿಟ್ಸ್ ಮತ್ತೆ ಬಂದಿಲ್ಲ. ಆದರೂ ಹಂಚು ನೆಗೆಣ್ಣಿಯ ಕೈಯಲ್ಲೇ ಇದೆ. ಅಪರಿಚಿತರಿಗೆ ದುಡ್ಡು ಕೊಡುವುದು ಪೂರ್ತಿ ನಿಂತಿಲ್ಲ.

ಮಗಳು ಕಾಲೇಜಿಗೆ ಮರಳಿದ್ದಾಳೆ. ಅವಳಿಗೆ ವರ ನೋಡುವ ಮಾತು ಮನೆಯಲ್ಲಿ ಶುರುವಾಗಿದೆ. ರಾತ್ರಿ ಹಿಟ್ಟು ತುಂಬಿಡುವುದು, ಪುಟ ಬರೆಯುವುದು, ಗುಳಿಗೆ ಎಣಿಸುವುದು ಇವೆಲ್ಲ ಅವಳ ಕೈಯಲ್ಲಿದೆ. ಹಾಗಾಗಿ ಈ ತಿಂಗಳಿಂದ ಗುಳಿಗೆಯ ಕೆಲಸವನ್ನು ಅಕ್ಕನಿಗೇ ಒಪ್ಪಿಸಲು ಹೊರಟಿದ್ದೇವೆ. ವಾರದ ಏಳು ಖಾನೆಯ ಡಬ್ಬಿಯನ್ನು ದೇವರ ದೀಪದ ಪಕ್ಕ ಇಟ್ಟಿದ್ದೇವೆ. ದೀಪ ಹಚ್ಚಿದ ಮೇಲೆ ಗುಳಿಗೆ, ಗುಳಿಗೆ ನುಂಗಿದ ಮೇಲೆ ರೊಟ್ಟಿಯ ಹಲಗೆ. ಸದ್ಯ ಮಗಳು ಬಾಗಿಲಲ್ಲಿ ನಿಂತು ನೋಡುತ್ತಾಳೆ, ಮಾತಾಡುವುದಿಲ್ಲ. ಮುಂದಿನ ತಿಂಗಳಿಂದ ನೆಗೆಣ್ಣಿ ಸಂಜೆ ಬಂದು ಖಾನೆ ಖಾಲಿ ಇದೆಯೇ ಅಂತ ಮಾತ್ರ ನೋಡಬೇಕು ಅಂತ ಮಾತಾಗಿದೆ.